ಅಸಿಂಟ್ ಕರಾವಳಿಯ ಹಳೆಯ ನಕ್ಷೆಗೆ ಕನ್ನಡದ ಹೆಸರುಗಳು: ಇಲ್ಲಿಯವರೆಗಿನ ಕೆಲಸ

ಅಕ್ಟೋಬರ್ ಕೊನೆ

ಇನ್ವರ್ನೆಸ್‌ನ ಹಳೆಯ ಪುಸ್ತಕದಂಗಡಿಯೊಂದರಲ್ಲಿ ಸಿಕ್ಕಿದ ಹಾಳೆ ಈಗ ಊಟದ ಮೇಜಿನ ತುಂಬ ಹರಡಿಕೊಂಡಿದೆ. ಬ್ರಿಟನ್ನಿನ ನಕ್ಷೆ ಸಂಸ್ಥೆಯಾದ ಆರ್ಡ್ನೆನ್ಸ್ ಸರ್ವೆಯವರು ಮೈಲಿಗೆ ಒಂದಿಂಚಿನ ಪ್ರಮಾಣದಲ್ಲಿ ಅಚ್ಚು ಹಾಕಿದ ಏಳನೆಯ ಸರಣಿಯ ಟೋಪೋಶೀಟ್ ಇದು. ಸ್ಕಾಟ್ಲೆಂಡಿನ ವಾಯವ್ಯ ಕರಾವಳಿಯ ಅಸಿಂಟ್ ಸೀಮೆಯನ್ನು ತೋರಿಸುತ್ತದೆ. ಹಿಂಬದಿಗೆ ಬಟ್ಟೆ ಅಂಟಿಸಿದ್ದಾರೆ. ಮಡಿಕೆಗಳು ಸವೆದಿವೆ, ಲಾಖಿನ್ವರ್ ಬಂದರಿನ ಪಕ್ಕದ ಕಡಲಿನ ಮೇಲೆ ಯಾರೋ ಚಹಾ ಲೋಟ ಇಟ್ಟ ಗುರುತಿದೆ.

ಇದನ್ನು ಕೈಯಾರೆ ಕನ್ನಡದಲ್ಲಿ ಮತ್ತೆ ಬರೆಯಬೇಕೆಂದು ತೀರ್ಮಾನಿಸಿದ್ದೇನೆ. ಕುಮಟೆಯಲ್ಲಿರುವ ಅಪ್ಪನಿಗಾಗಿ. ಅವರು ಸರ್ವೆ ಇಲಾಖೆಯಲ್ಲಿ ಭೂಮಾಪಕರಾಗಿ ನಿವೃತ್ತರಾದವರು. ನಾನು ವಾರಾಂತ್ಯಕ್ಕೆ ಎಲ್ಲಿಗೆ ಹೋಗಿ ಬಂದೆನೆಂದು ಫೋನಿನಲ್ಲಿ ಹೇಳಿದರೂ ಅವರದು ಒಂದೇ ಪ್ರಶ್ನೆ: "ಅದು ಎಲ್ಲಿಂದ ಯಾವ ದಿಕ್ಕಿಗೆ, ಎಷ್ಟು ದೂರ?" ಮೊಬೈಲಿನ ನಕ್ಷೆ ಅವರಿಗೆ ಒಗ್ಗುವುದಿಲ್ಲ. ಕಾಗದದ ಮೇಲೆ ಬೆರಳಿಟ್ಟು ನೋಡಬೇಕು ಅವರಿಗೆ.

ಪ್ರಮಾಣ ಹೇಳಿದ ಕೂಡಲೇ ಲೆಕ್ಕ ಹಾಕಿದರು. ಅವರ ಅಳತೆಯ ಸರಪಳಿ 33 ಅಡಿಯದು, ಆಣೆ ಎಂಬ 16 ಭಾಗಗಳದು. ಅದರ ಒಂದು ಚೌಕ ಒಂದು ಗುಂಟೆ. ಮೈಲಿಗೆ 160 ಸರಪಳಿ. "ನಮ್ಮ ಗ್ರಾಮ ನಕ್ಷೆಯಲ್ಲಿ ಇಂಚಿಗೆ 20 ಸರಪಳಿ. ನಿನ್ನದರಲ್ಲಿ 160. ಅಷ್ಟು ಕಿರಿದರಲ್ಲಿ ಕನ್ನಡದ ಅಕ್ಷರ ಎಲ್ಲಿ ಕೂರಿಸುತ್ತೀಯ?" ಎಂದರು. ಆ ಮಾತಿಗಾಗಿಯೇ ನಕ್ಷೆಯನ್ನು ಎರಡು ಪಟ್ಟು ಹಿಗ್ಗಿಸುತ್ತಿದ್ದೇನೆ.

ನವೆಂಬರ್

ಹಾಳೆಯನ್ನು ಯಂತ್ರಕ್ಕೆ ಕೊಟ್ಟು ದೊಡ್ಡದು ಮಾಡಿಸಿಕೊಂಡರೆ ಒಂದು ದಿನದ ಕೆಲಸ ಎಂದುಕೊಂಡಿದ್ದೆ. ಅಳೆದು ನೋಡಿದಾಗ ಬೇರೆಯೇ ಕಂಡಿತು. ಈ ಸರಣಿಯಲ್ಲಿ ಎತ್ತರ ಅಡಿಯಲ್ಲಿದ್ದರೂ ಚೌಕಗಳು ಕಿಲೋಮೀಟರಿನವು. ಹತ್ತು ಕಿಲೋಮೀಟರ್ ಎಂದರೆ 157.8 ಮಿಲಿಮೀಟರ್ ಇರಬೇಕು. ನನ್ನ ಹಾಳೆಯಲ್ಲಿ ಉತ್ತರ-ದಕ್ಷಿಣಕ್ಕೆ 157 ಇದೆ, ಪೂರ್ವ-ಪಶ್ಚಿಮಕ್ಕೆ 158ಕ್ಕಿಂತ ತುಸು ಹೆಚ್ಚು. ಇಷ್ಟು ವರ್ಷಗಳ ತೇವಕ್ಕೆ ಕಾಗದ ಒಂದು ಕಡೆ ಕುಗ್ಗಿ ಇನ್ನೊಂದು ಕಡೆ ಎಳೆದುಕೊಂಡಿದೆ. ಹಾಗೆಯೇ ಹಿಗ್ಗಿಸಿದರೆ ತಪ್ಪೂ ಅದರೊಡನೆ ಹಿಗ್ಗುತ್ತದೆ.

ಆದ್ದರಿಂದ ಟ್ರೇಸಿಂಗ್ ಹಾಳೆಯ ಮೇಲೆ ಎರಡು ಪಟ್ಟಿನ ಲೆಕ್ಕದಲ್ಲಿ ಕಿಲೋಮೀಟರಿಗೆ 31.57 ಮಿಲಿಮೀಟರಿನ ಹೊಸ ಚೌಕಗಳನ್ನು ಎಳೆದು, ಒಂದೊಂದೇ ಚೌಕವನ್ನು ಅದರ ಮೂಲ ಚೌಕದಿಂದ ನೋಡಿ ಬರೆಯುತ್ತಿದ್ದೇನೆ. ಸ್ಟೋರ್ ಭೂಶಿರದಿಂದ ಇಂಚ್‌ನಡಾಂಫ್‌ವರೆಗೆ ಅಡ್ಡಕ್ಕೆ 26, ಉದ್ದಕ್ಕೆ 21. ಬರೀ ಕಡಲಿರುವ ಚೌಕಗಳನ್ನು ಬಿಟ್ಟರೂ ಸುಮಾರು ನಾನೂರು ಉಳಿಯುತ್ತವೆ. ತಿಂಗಳ ಕೊನೆಗೆ ಕಡಲಂಚು ಮುಗಿಯಿತು.

ಡಿಸೆಂಬರ್

ಮೂರೂವರೆಗೇ ಕತ್ತಲಾಗುವ ಕಾಲ. ಕೆಲಸವೆಲ್ಲ ದೀಪದ ಕೆಳಗೆ.

ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತಿ ರೇಖೆಗಳು 50 ಅಡಿಗೊಂದು. ಸೂಲ್ವೆನ್ ಬೆಟ್ಟದ ತುದಿ 2,399 ಅಡಿ, ಅಂದರೆ ಕಡಲಿನಿಂದ ಅಲ್ಲಿಗೆ 47 ಗೆರೆ ದಾಟಬೇಕು. ಲಾಖಿನ್ವರ್‌ನಿಂದ ನೋಡಿದರೆ ಅದು ನೆಟ್ಟ ಕಂಬ. ಸ್ಕ್ಯಾಂಡಿನೇವಿಯದಿಂದ ಕಡಲ ಮೇಲೆ ಬಂದ ನಾರ್ಸ್ ಜನ ಅದನ್ನು ಕಂಬವೆಂದೇ ಕರೆದರು, ಅವರ ಮಾತಿನ 'ಸೂಲ' ಅದೇ. ನಕ್ಷೆಯಲ್ಲಿ ಮಾತ್ರ ಅದು ಎರಡು ಕಿಲೋಮೀಟರ್ ಉದ್ದದ, ತೀರ ಕಿರಿದಾದ ಏಣು. ಪಶ್ಚಿಮದ ತುದಿಯಲ್ಲಿ ಗೆರೆಗಳು ಒಂದರ ಮೇಲೊಂದು ಬಿದ್ದು ಕಂದು ಪಟ್ಟಿಯಾಗಿಬಿಡುತ್ತವೆ. ನಾನು ಎರಡು ಸಲ ಅದರ ಕೆಳಗೆ ನಡೆದಿದ್ದೇನೆ. ಆ ಪಟ್ಟಿಯನ್ನು ಬರೆಯುವಾಗಲೇ ನನಗೆ ಅದರ ಕಡಿದು ಸರಿಯಾಗಿ ತಿಳಿದದ್ದು.

ಆದರೆ ಬೆಟ್ಟಕ್ಕಿಂತ ಕಷ್ಟ ಕೊಟ್ಟದ್ದು ಅದರ ಬುಡದ ತಗ್ಗು ನೆಲ. ಲೂಯಿಸಿಯನ್ ನೈಸ್ ಎಂಬ ಬಹು ಪುರಾತನ ಶಿಲೆ ಅದು. ಕೆಲವು ಭಾಗಕ್ಕೆ 300 ಕೋಟಿ ವರ್ಷಗಳ ವಯಸ್ಸು. ಹಿಮನದಿಗಳು ಅದನ್ನು ಕೆರೆದು ಹೋದ ಮೇಲೆ ಉಳಿದದ್ದು ಉಬ್ಬು ಉಬ್ಬಾದ ದಿಣ್ಣೆಗಳು, ನಡುವೆ ಎಣಿಸಲಾಗದಷ್ಟು ಪುಟ್ಟ ಕೆರೆಗಳು. ನಕ್ಷೆಯಲ್ಲಿ ಎಲ್ಲೆಲ್ಲೂ ಸಣ್ಣ ಸುರುಳಿಗಳು. ಎರಡು ಬೇರೆ ಎತ್ತರದ ಸುರುಳಿಗಳನ್ನು ಸೇರಿಸಿಬಿಟ್ಟಿದ್ದೆ; ನಾಲ್ಕು ಚೌಕ ದಾಟಿದ ಮೇಲೆ ಗೆರೆಗಳ ಲೆಕ್ಕ ತಾಳೆಯಾಗದೆ ಅದು ಗೊತ್ತಾಯಿತು. ಶಾಯಿಯನ್ನು ಬ್ಲೇಡಿನಿಂದ ಕೆರೆದು ತೆಗೆಯಲು ಒಂದು ಸಂಜೆ ಹೋಯಿತು. ಅಪ್ಪನಿಗೆ ಹೇಳಿದೆ. "ಬುಡದಿಂದ ಹತ್ತಬೇಡ, ತಲೆಯಿಂದ ಇಳಿ" ಎಂದರು. ಪ್ರತಿ ದಿಣ್ಣೆಯ ತುದಿಯ ಸುರುಳಿಯನ್ನು ಮೊದಲು ಬರೆದು ಕೆಳಗಿಳಿಯುತ್ತ ಬಂದರೆ ನಿಜಕ್ಕೂ ಎಲ್ಲೂ ತಪ್ಪುವುದಿಲ್ಲ. ಆಮೇಲೆ ಬ್ಲೇಡ್ ಮುಟ್ಟಿಲ್ಲ.

ಜನವರಿ

ಈಗ ಹೆಸರುಗಳು. ನಾನು ಈ ಕೆಲಸಕ್ಕೆ ಕೈ ಹಾಕಿದ್ದೇ ಇದಕ್ಕಾಗಿ.

ಇಲ್ಲಿನ ಹೆಸರುಗಳು ಗೇಲಿಕ್ (ಈ ಸೀಮೆಯ ಹಳೆಯ ಮಾತು), ನಾರ್ಸ್, ಇಲ್ಲವೇ ಎರಡೂ ಬೆರೆತವು. ಅಚ್ಚಾದ ಇಂಗ್ಲಿಷ್ ಅಕ್ಷರಗಳನ್ನು ನೋಡಿ ಕನ್ನಡಕ್ಕೆ ಇಳಿಸಿದರೆ ಊರಿನವರಿಗೇ ಗುರುತು ಸಿಗದ ಹೆಸರಾಗುತ್ತದೆ. ನಮ್ಮ ಲಿಪಿ ಉಚ್ಚಾರಕ್ಕೆ ನಿಷ್ಠವಾದದ್ದು, ಆ ಅನುಕೂಲವನ್ನು ಬಿಡಬಾರದು. ಬಾಯಲ್ಲಿ ಆಡುವ ಹಾಗೆಯೇ ಬರೆಯಬೇಕು. ನೆರೆಮನೆಯಲ್ಲಿ ಲೂಯಿಸ್ ದ್ವೀಪದ ಒಬ್ಬ ಅಜ್ಜಿ ಇದ್ದಾರೆ, ಗೇಲಿಕ್ ಅವರ ಮನೆಮಾತು. ಭಾನುವಾರ ಬಿಟ್ಟು ಬೇರೆ ದಿನಗಳಲ್ಲಿ ಸಂಜೆ ಒಂದು ಗಂಟೆ ಅವರ ಅಡುಗೆಮನೆಯಲ್ಲಿ ಕೂರುತ್ತೇನೆ. ಅವರು ಹೇಳುತ್ತಾರೆ, ನಾನು ಬರೆದು ಮತ್ತೆ ಓದಿ ಒಪ್ಪಿಸುತ್ತೇನೆ.

ಮೊದಲ ತೊಡಕು ಸರೋವರ ಎಂಬ ಅರ್ಥದ 'ಲಾಖ್' ಪದದ ಕೊನೆಯ ಧ್ವನಿ. ಅದು ನಮ್ಮ ಮಹಾಪ್ರಾಣವಲ್ಲ, ಗಂಟಲಲ್ಲಿ ಉಸಿರು ಉಜ್ಜಿ ಬರುವ ಸದ್ದು. ಫ಼ ಮತ್ತು ಜ಼ ಬರೆಯಲು ಬಳಸುವ ಚುಕ್ಕಿಗಳನ್ನೇ ಖಕಾರಕ್ಕೂ ಕೊಟ್ಟು 'ಲಾಖ಼್' ಎಂದು ಬರೆದೆ. ಅಲ್ಲಿಂದ ಮುಂದೆ ಸಲೀಸಾಯಿತು. ಅತಿ ಹೆಚ್ಚು ಅಚ್ಚರಿಪಡಿಸಿದ್ದು ದಿಣ್ಣೆಯ ಪದ. ಕಾಗುಣಿತದಲ್ಲಿ ಕಕಾರದ ನಂತರ ನಕಾರವಿದೆ, ಅಜ್ಜಿಯ ಬಾಯಲ್ಲಿ ಸ್ಪಷ್ಟವಾಗಿ ರಕಾರ: 'ಕ್ರಾಖ಼್ಕ್'. ನಕ್ಷೆಯ ತುಂಬ ಇರುವ ಪದ ಇದು. ಎಲ್ಲವನ್ನೂ ತಿದ್ದಿದೆ. ಕ್ವಿನಾಗ್ ಎಂದುಕೊಂಡಿದ್ದ ಬೆಟ್ಟ 'ಕೂನ್ಯಕ್' ಆಯಿತು. ಅರ್ಥ ಹಾಲಿನ ಕೊಡ. ಕ್ಲಾಖ಼್‌ಟಾಲ್ ಎಂದರೆ ತೂತಿನ ಕಲ್ಲು. ಮೋರ್ ಹಿರಿದು, ಬೆಕ್ ಕಿರಿದು.

'ಇನ್ವರ್' ಎಂದರೇನೆಂದು ಅಜ್ಜಿ ಹತ್ತು ಮಾತಿನಲ್ಲಿ ವಿವರಿಸಿದರು: ಹೊಳೆ ಬಂದು ಕಡಲಿಗೆ ಸೇರುವ ಜಾಗ, ಉಪ್ಪುನೀರು ಸಿಹಿನೀರು ಕಲೆಯುವ ಕಡೆ. ನಾನು ಅಂಚಿನ ಪಟ್ಟಿಯಲ್ಲಿ ಒಂದೇ ಪದ ಬರೆದೆ: ಅಳಿವೆ. ಅಘನಾಶಿನಿಯ ಪಕ್ಕದಲ್ಲಿ ಬಾಳಿದ ಅಪ್ಪನಿಗೆ ಇನ್ನೇನೂ ಹೇಳಬೇಕಿಲ್ಲ.

ಅಕ್ಷರ ಕೂರಿಸುವ ಕಷ್ಟ ಅಪ್ಪ ಹೇಳಿದ್ದೇ ಆಯಿತು. ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ, ನಡುವೆ ಗೆರೆಗಳು ಹಾಯುತ್ತವೆ. ಹೆಸರಿನ ಕೆಳಗೆ ಮಾತ್ರ ಸಮೋನ್ನತಿ ರೇಖೆಯನ್ನು ತುಂಡರಿಸಿದೆ. ಮೂಲದಲ್ಲಿ ನೀರಿನ ಹೆಸರುಗಳು ಓರೆ ಅಕ್ಷರದಲ್ಲಿವೆ; ಕನ್ನಡವನ್ನು ಓರೆಯಾಗಿ ಬರೆದು ನೋಡಿದೆ, ದುಂಡು ಕೆಟ್ಟಿತು. ನೇರ ಅಕ್ಷರ, ನೀಲಿ ಶಾಯಿ ಸಾಕು. ಪ್ರಾಚೀನ ನೆಲೆಗಳಿಗೆ ಆರ್ಡ್ನೆನ್ಸ್ ಸರ್ವೆಯವರು ಗಾಥಿಕ್ ಲಿಪಿ ಬಳಸುತ್ತಾರೆ. ಅದರ ಬದಲಿಗೆ ನಾನು ಜೋಡುಗೆರೆಯ ಅಕ್ಷರ ಬಳಸಿದ್ದೇನೆ. ಲಾಖ಼್ ಅಸಿಂಟ್ ದಡದ ಆರ್ಡ್‌ವ್ರೆಕ್ ಕೋಟೆಗೆ ಅದು ಚೆನ್ನಾಗಿ ಒಪ್ಪಿದೆ.

ಫೆಬ್ರವರಿ

ಅಜ್ಜಿಯ ಊರು ಲೂಯಿಸ್‌ನ ಸ್ಟಾರ್ನೋವೇ ಎಂದು ಅಪ್ಪನಿಗೆ ಹೇಳಿದಾಗ ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಮೆಕೆಂಜಿಯ ಊರಲ್ಲವೇ?" ಎಂದರು. ಹೌದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆದ, ಊರೂರಿನ ಕೈಫಿಯತ್ತುಗಳನ್ನು, ಅಂದರೆ ಸ್ಥಳೀಯ ಇತಿಹಾಸದ ದಾಖಲೆಗಳನ್ನು ಕಲೆಹಾಕಿಸಿದ, 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ ಕಾಲಿನ್ ಮೆಕೆಂಜಿ ಹುಟ್ಟಿದ್ದು ಅಲ್ಲೇ. ನಾನು ಬರೆಯುತ್ತಿರುವ ಸ್ಟೋರ್ ಭೂಶಿರದಲ್ಲಿ, 1870ರ ದೀಪಸ್ತಂಭದ ಬಳಿ ನಿಂತರೆ, ಆಕಾಶ ತಿಳಿಯಾಗಿದ್ದಾಗ ಮಿಂಚ್ ಕಡಲಿನಾಚೆ ಲೂಯಿಸ್ ಕಾಣುತ್ತದೆ. ನಮ್ಮ ಊರುಗಳ ಹೆಸರನ್ನು ಕೇಳಿ ಬರೆಸಿಕೊಂಡವನ ಕಡಲಿನ ಹೆಸರುಗಳನ್ನು ನಾನು ಕೇಳಿ ಬರೆದುಕೊಳ್ಳುತ್ತಿದ್ದೇನೆ. ಈ ವಾರ ಒಂದೊಂದು ಅಕ್ಷರವನ್ನೂ ಮತ್ತಷ್ಟು ಎಚ್ಚರದಿಂದ ಬರೆದೆ.

ಅಪ್ಪ ತುಂಬ ಹೊತ್ತು ಮಾತಾಡಿದ್ದು ಸ್ಟೋರ್, ಅಖ಼್‌ಮೆಲ್ವಿಖ಼್, ಡ್ರಂಬೆಗ್ ಊರುಗಳ ಚೌಕಗಳ ಬಗ್ಗೆ. ಅವು ಕ್ರಾಫ್ಟ್ ಎಂಬ ಸಣ್ಣ ಗೇಣಿ ಹಿಡುವಳಿಗಳ ಊರುಗಳು. 1993ರಲ್ಲಿ ಅಲ್ಲಿನ ರೈತರು ಟ್ರಸ್ಟ್ ಕಟ್ಟಿಕೊಂಡು ಸುಮಾರು 21,000 ಎಕರೆಯ ಜಮೀನುದಾರಿಯನ್ನು ಕೊಂಡರು. ಎಪ್ಪತ್ತರ ದಶಕದಲ್ಲಿ ಗೇಣಿದಾರರ ಹೊಲಗಳಿಗೆ ಸರಪಳಿ ಹಿಡಿದು ಓಡಾಡಿದ ಅಪ್ಪನಿಗೆ ಅದರ ಗಡಿ ಬೇಕೇ ಬೇಕಂತೆ. ಹಳೆಯ ಹಾಳೆಯಲ್ಲಿ ಅದಿಲ್ಲ. ಬೇರೆ ತೆಳು ಹಾಳೆಯಲ್ಲಿ ಎಳೆದು ಮೇಲೆ ಹೊದಿಸುವಂತೆ ಮಾಡುತ್ತೇನೆ.

ಆದರೆ ಕೈಲ್‌ಸ್ಕೂನಲ್ಲಿ ಹಳೆಯದನ್ನೇ ಉಳಿಸಿದ್ದೇನೆ. ಅಲ್ಲಿ 1984ರಲ್ಲಿ ಸೇತುವೆ ಬಂತು. ನನ್ನ ಹಾಳೆಯಲ್ಲಿ ರಸ್ತೆ ನೀರಿನ ಅಂಚಿಗೆ ಬಂದು ನಿಲ್ಲುತ್ತದೆ, ಕಿರಿದಾದ ಜಲಸಂಧಿಯ ಮೇಲೆ 'ಫೆರಿ' ಎಂದಿದೆ. ನಾನು 'ಕಡವು' ಎಂದು ಬರೆದೆ.

ಉಳಿದಿರುವುದು 61 ಚೌಕ, ಹೆಚ್ಚಿನವು ಪೂರ್ವದ ಬೆಟ್ಟಗಳವು. ಕೈಲ್‌ಸ್ಕೂ ಚೌಕದ ಚಿತ್ರ ನೋಡಿದ ಅಪ್ಪ ನಿನ್ನೆ ಕೇಳಿದರು: "ದೋಣಿ ಆಚೆ ದಡದಲ್ಲಿದ್ದರೆ ಈಚೆಯವರು ಹೇಗೆ ಕರೆಯುತ್ತಿದ್ದರು? ತದಡಿಯಲ್ಲಿ ನಾವು ಕೂಗುತ್ತಿದ್ದೆವು." ಅಜ್ಜಿಗೂ ಗೊತ್ತಿಲ್ಲ. ಏಪ್ರಿಲ್‌ನಲ್ಲಿ ಅಲ್ಲಿಗೆ ಹೋಗುತ್ತೇನೆ, ಹಳಬರು ಯಾರಾದರೂ ಸಿಕ್ಕರೆ ಕೇಳಿಕೊಂಡು ಬರುತ್ತೇನೆ.