ಜೆಂಬರದ ದಿನ ಸೊರೆ ಬಿಡದ ದನ

ಪೆರ್ಲದ ಕಡೆಯ ಒಂದು ಮನೆಯಲ್ಲಿ ಗೃಹಪ್ರವೇಶದ ಜೆಂಬರ. ನಸುಕಿಗೇ ಅಡಿಗೆಯವರ ಪಾತ್ರೆಗಳ ಸದ್ದು, ಹಟ್ಟಿಯ ಪಕ್ಕದಲ್ಲೇ ತಂದಿಟ್ಟ ಜನರೇಟರು, ಗುರುತಿಲ್ಲದ ಜನ. ದಿನಾ ಹಿಂಡುವ ಮನೆಯಾಕೆ ಪೂಜೆಯ ತಯಾರಿಯಲ್ಲಿದ್ದ ಕಾರಣ ನೆಂಟರಲ್ಲೊಬ್ಬರು ತಂಬಿಗೆ ಹಿಡಿದು ಕೂತರು. ಕಾಸರಗೋಡು ಗಿಡ್ಡ ತಳಿಯ ದನ. ದಿನಕ್ಕೆ ಎರಡು ಲೀಟರು ಕೊಟ್ಟರೆ ದೊಡ್ಡದು. ಆವತ್ತು ತಂಬಿಗೆಯ ತಳ ಮುಚ್ಚಿತು, ಅಷ್ಟೆ.

"ಭಾವ, ದನ ಹಾಲು ಕೊಡ್ತಿಲ್ಲೆ" ಎಂದು ನನ್ನನ್ನು ಕರೆದರು. ಹೋಗಿ ಮುಟ್ಟಿದರೆ ಕೆಚ್ಚಲು ತುಂಬಿ ಬಿಗಿದಿದೆ, ಮೊಲೆಗಳು ಮಾತ್ರ ಜೋತುಬಿದ್ದು ಮೆತ್ತಗಿವೆ. ಬಿಸಿಯಿಲ್ಲ, ಹಿಂಡಿದ ಹಾಲಿನಲ್ಲಿ ಗರಣೆಯೂ ಇಲ್ಲ. ಅಂದರೆ ಕೆಚ್ಚಲು ಬಾವಲ್ಲ. ಸೊರೆ ಬಿಟ್ಟಿಲ್ಲ, ಎಂದರೆ ಕೆಚ್ಚಲಿನ ಹಾಲು ಮೊಲೆಗೆ ಇಳಿದಿಲ್ಲ.

ದನ ಹಟ ಮಾಡುತ್ತದೆ, ಕರುವಿಗೆಂದು ಹಾಲು ಬಚ್ಚಿಡುತ್ತದೆ ಅನ್ನುವವರಿದ್ದಾರೆ. ಪಾಪದ ಪ್ರಾಣಿಗೆ ಅಂಥ ಉಪಾಯವೇನೂ ಗೊತ್ತಿಲ್ಲ. ಹಾಲಿನ ಬಹುಪಾಲು ಇರುವುದು ಕೆಚ್ಚಲಿನೊಳಗಿನ ಸೂಕ್ಷ್ಮ ಗುಳ್ಳೆಗಳಲ್ಲಿ. ಮೊಲೆಯ ಮೇಲಿನ ಪೊಳ್ಳು ಜಾಗದಲ್ಲಿ ನಿಂತಿರುವುದು ಸ್ವಲ್ಪವೇ, ನಾಟಿ ದನಗಳಲ್ಲಂತೂ ಇನ್ನೂ ಕಡಿಮೆ. ಗುಳ್ಳೆಗಳ ಹಾಲು ಕೆಳಗಿಳಿಯಬೇಕಾದರೆ ಅವುಗಳ ಸುತ್ತ ಬಲೆಯಂತೆ ಹಬ್ಬಿದ ಕೋಶಗಳು ಸಂಕುಚಿಸಬೇಕು. ಹಾಗೆ ಮಾಡಿಸುವುದು ಆಕ್ಸಿಟೋಸಿನ್, ಒಂಬತ್ತು ಅಮೈನೋ ಆಮ್ಲಗಳು ಸರವಾಗಿ ಕೂಡಿದ ಪುಟ್ಟ ನ್ಯೂರೋಪೆಪ್ಟೈಡ್, ಅಂದರೆ ನರಕೋಶಗಳು ಸುದ್ದಿ ಮುಟ್ಟಿಸಲು ಬಳಸುವ ವಸ್ತು. ಮಿದುಳಿನ ಹೈಪೋಥಲಾಮಸ್‌ನ ನರಕೋಶಗಳು ಅದನ್ನು ತಯಾರಿಸುತ್ತವೆ. ಅದೇ ಕೋಶಗಳ ಉದ್ದದ ಎಳೆಗಳಲ್ಲಿ ಇಳಿದು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಹಿಂಭಾಗದಲ್ಲಿ ಕಾದಿರುತ್ತದೆ. ಮೊಲೆಗೆ ಕೈಯೋ ಕರುವಿನ ಬಾಯಿಯೋ ತಾಗಿದ ಸುದ್ದಿ ಬೆನ್ನುಹುರಿಯ ಮೂಲಕ ಮೇಲೆ ಹೋದಾಗ ರಕ್ತಕ್ಕೆ ಬಿಡುಗಡೆಯಾಗುತ್ತದೆ. ಬೇರೆ ಕೈ, ಬೇರೆ ಸದ್ದು ಇದ್ದರೆ ಮಿದುಳು ಈ ಬಿಡುಗಡೆಯನ್ನೇ ತಡೆಹಿಡಿಯುತ್ತದೆ. ಹೆದರಿಸಿದರೆ, ಹೊಡೆದರೆ ಅಡ್ರಿನಲಿನ್ ಏರಿ ಕೆಚ್ಚಲಿನ ರಕ್ತನಾಳಗಳು ಬಿಗಿಯುತ್ತವೆ. ಬಂದಷ್ಟು ಆಕ್ಸಿಟೋಸಿನ್ನೂ ಮುಟ್ಟಬೇಕಾದಲ್ಲಿಗೆ ಸರಿಯಾಗಿ ಮುಟ್ಟುವುದಿಲ್ಲ.

ಹಾಗಾಗಿ ಮೊದಲು ಜನರೇಟರನ್ನು ಅಂಗಳದ ಆಚೆ ತುದಿಗೆ ಸಾಗಿಸಿದ್ದಾಯಿತು. ದನಕ್ಕೆ ಅಕ್ಕಚ್ಚು ಇಟ್ಟು ಅರ್ಧ ಗಂಟೆ ಅದರ ಪಾಡಿಗೆ ಬಿಟ್ಟೆವು. ಆಮೇಲೆ ಮನೆಯಾಕೆಯೇ ಬಂದರು. ಕರುವನ್ನು ಬಿಟ್ಟು, ನಾಲ್ಕೂ ಮೊಲೆಗಳನ್ನು ಒಂದಿಷ್ಟು ಚೀಪಿಸಿ, ತಾಯಿ ನೆಕ್ಕುವಷ್ಟು ಹತ್ತಿರ ಮುಂದೆ ಕಟ್ಟಿದರು. ಉಗುರುಬೆಚ್ಚಗಿನ ನೀರಿನಲ್ಲಿ ಕೆಚ್ಚಲು ತೊಳೆದು, ಒರಸಿ, ಅಂಗೈಯಿಂದ ನೀವಿದರು. ಒಂದು ನಿಮಿಷ ಕಳೆದಿರಬೇಕು, ಸುಕ್ಕಾಗಿದ್ದ ಮೊಲೆಗಳು ಒಂದೊಂದಾಗಿ ಉಬ್ಬಿ ನೆಟ್ಟಗಾದವು, ಒಂದರ ತುದಿಯಲ್ಲಿ ಹನಿ ತಾನಾಗಿಯೇ ಮೂಡಿತು. ಸೊರೆ ಬಿಟ್ಟ ಗುರುತು ಅದೇ.

ಅಲ್ಲಿಂದ ಮುಂದೆ ಕೈ ನಿಲ್ಲಿಸುವಂತಿಲ್ಲ. ರಕ್ತದಲ್ಲಿ ಆಕ್ಸಿಟೋಸಿನ್‌ನ ಆಯುಸ್ಸು ಕೆಲವೇ ನಿಮಿಷ. ಐದಾರು ನಿಮಿಷದೊಳಗೆ ಹಿಂಡಿ ಮುಗಿಸಬೇಕು. ಕೆಚ್ಚಲು ತೊಳೆದಿಟ್ಟು ತಂಬಿಗೆ ಹುಡುಕಲು ಹೊರಡುವವರಿಗೆ ಹಾಲು ಕಡಿಮೆಯಾಗುವುದು ಇದಕ್ಕೇ. ಕರು ಹಾಕಿ ತಿಂಗಳುಗಳು ಕಳೆದು ಕೆಚ್ಚಲು ಅಷ್ಟಾಗಿ ತುಂಬದ ದನ ಸೊರೆ ಬಿಡಲು ಇನ್ನೂ ತಡ ಮಾಡುತ್ತದೆ. ಅಂಥದ್ದನ್ನು ನೀವುವ ಹೊತ್ತು ಸ್ವಲ್ಪ ಹೆಚ್ಚಿಸಬೇಕು. ಹಾಲು ದಿನಾ ಒಳಗೇ ಉಳಿದರೆ ಕೆಚ್ಚಲು ತಯಾರಿಕೆಯನ್ನೇ ಇಳಿಸುತ್ತದೆ, ಕೆಚ್ಚಲು ಬಾವು ಬರಲೂ ದಾರಿಯಾಗುತ್ತದೆ.

"ಒಂದು ಇಂಜೆಕ್ಷನ್ ಚುಚ್ಚಿದರೆ ಆಗುತ್ತಿತ್ತಲ್ಲ" ಎಂದು ಚಪ್ಪರದಡಿ ಯಾರೋ ಅಂದರು. ಆಕ್ಸಿಟೋಸಿನ್ ಚುಚ್ಚಿದರೆ ಹಾಲು ಇಳಿಯುತ್ತದೆ, ನಿಜ. ಆದರೆ ದಿನಾ ಚುಚ್ಚಿಸಿಕೊಂಡ ದನ, ಚುಚ್ಚದ ದಿನ ಮುಟ್ಟಿದ ಮಾತ್ರಕ್ಕೆ ಸೊರೆ ಬಿಡುವುದನ್ನು ಕಡಿಮೆ ಮಾಡುತ್ತದೆ. ದನದ ಆರೋಗ್ಯ ಕೆಡಿಸಿ ಹಾಲು ಹೆಚ್ಚಿಸಲು ಚುಚ್ಚುವುದು ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧವೂ ಹೌದು. ಈ ಮದ್ದಿಗೆ ಸರಿಯಾದ ಜಾಗ ಹೆರಿಗೆ ಕೋಣೆ: ಮಗು ಹುಟ್ಟಿದ ಕೂಡಲೇ ತಾಯಿಯ ಸ್ನಾಯುವಿಗೆ 10 ಯೂನಿಟ್ ಕೊಟ್ಟರೆ ಗರ್ಭಕೋಶ ಬಿಗಿದು ರಕ್ತಸ್ರಾವ ತಗ್ಗುತ್ತದೆ. ಪೆಪ್ಟೈಡ್ ಆದ್ದರಿಂದ ಸೆಕೆಗೆ ಸತ್ವ ಕಳೆದುಕೊಳ್ಳುತ್ತದೆ, 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕು. ಎಳೆಮಗು ಮೊಲೆ ಚೀಪುವಾಗ ಬಾಣಂತಿಯ ಕಿಬ್ಬೊಟ್ಟೆ ಹಿಂಡಿದ ಹಾಗೆ ನೋಯುವುದೂ ಇದೇ ಆಕ್ಸಿಟೋಸಿನ್‌ನಿಂದ. ಆ ನೋವಿಗೆ ಹೆದರಿ ಹಾಲೂಡಿಸುವುದನ್ನು ಬಿಡಬಾರದು.

1953ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ವಿನ್ಸೆಂಟ್ ಡು ವಿಗ್ನೋ ಆಕ್ಸಿಟೋಸಿನ್ನನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. 1955ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಅವರು ಕೆಲಸ ಮಾಡಿದ ಇನ್ನೊಂದು ಪೆಪ್ಟೈಡ್ ವ್ಯಾಸೊಪ್ರೆಸಿನ್. ಒಂಬತ್ತರಲ್ಲಿ ಎರಡೇ ಅಮೈನೋ ಆಮ್ಲಗಳ ವ್ಯತ್ಯಾಸ, ಕೆಲಸ ಪೂರ್ತಿ ಬೇರೆ: ಮೂತ್ರಪಿಂಡಕ್ಕೆ ನೀರು ಉಳಿಸಲು ಹೇಳುವುದು. ಬಿಸಿಲಲ್ಲಿ ಅಡಿಕೆ ಕೊಯ್ಯಲು ಮರವೇರಿ ಬೆವರಿದವನ ಮೂತ್ರ ಕಡಿಮೆಯಾಗಿ ಹಳದಿಗಟ್ಟುವುದು ಇದರಿಂದ. ನಡುವೆ ಕಳ್ಳು ಕುಡಿದನೋ, ಅದರ ಮದ್ಯಸಾರ ವ್ಯಾಸೊಪ್ರೆಸಿನ್ ಬಿಡುಗಡೆಯನ್ನು ತಡೆಯುತ್ತದೆ. ಬಾಯಾರಿದ ಮೈಯಿಂದಲೇ ಮತ್ತಷ್ಟು ನೀರು ಹೊರಗೆ. ಕೊಯ್ಲಿನವರಿಗೆ ಹತ್ತೂವರೆಗೆ ಉಪ್ಪು ಹಾಕಿದ ಗಂಜಿತಿಳಿಯನ್ನೋ ಮಜ್ಜಿಗೆನೀರನ್ನೋ ಚೆಂಬು ತುಂಬ ಕೊಡಿ, ಕಳ್ಳು ಬೇಕಾದರೆ ಕೆಲಸ ಮುಗಿದ ಮೇಲಾಗಲಿ.