ಸಾಲ್ವದೋರ್‌ನಲ್ಲಿ ಅಲಸಂದೆ ಹಿಟ್ಟಿನ ಜಾಡು ಹಿಡಿದು

ಬ್ರೆಜಿಲ್‌ನ ಸಾಲ್ವದೋರ್ ನೋಡಲು ಹೋದವರು ಕೆಳಪೇಟೆಯ ಸಾವೊ ಜೊವಾಕಿಂ ಸಂತೆಯಿಂದ ಬೆಳಗು ಶುರುಮಾಡಬೇಕು. ಸಂಜೆ ಬೀದಿ ಬೀದಿಯಲ್ಲಿ ಕರಿಯುವ ಅಲಸಂದೆಯ ಉಂಡೆ ಅಕರಜೆಗೆ ಬೇಕಾದ ಸಾಮಾನೆಲ್ಲ ಇಲ್ಲಿ ಸಿಗುತ್ತದೆ: ಮೂಟೆಗಟ್ಟಲೆ ಅಲಸಂದೆ, ರಾಶಿ ಹಾಕಿದ ಒಣಸಿಗಡಿ, ಬಾಟಲಿಗಳಲ್ಲಿ ದೆಂದೆ. ದೆಂದೆ ಎಂದರೆ ಆಫ್ರಿಕದ ತಾಳೆಹಣ್ಣಿನ ಕೆಂಪೆಣ್ಣೆ. ಅಲುಗಾಡಿಸದೆ ಇಟ್ಟರೆ ಮೇಲೆ ಕೆಂಪು ತಿಳಿ, ಕೆಳಗೆ ಗಟ್ಟಿ ಹಳದಿ ನಿಲ್ಲುತ್ತದೆ. ಕರಿಯಲು ತಿಳಿಯೇ ಆಗಬೇಕು. ಅಡಿಯ ಗಷ್ಟು ಬಾಣಲೆಗೆ ಇಳಿದರೆ ಬೇಗ ಸೀಯುತ್ತದೆ.

ಅಲ್ಲಿಂದ ಲಸೇರ್ದಾ ಲಿಫ್ಟ್ ಹತ್ತಿದರೆ ಮೇಲುಪೇಟೆ. 72 ಮೀಟರ್ ಎತ್ತರದ ಈ ಲಿಫ್ಟ್ 1873ರದು. ಅದಕ್ಕೂ ಮೊದಲು ಗನ್ಯಾದೇರಾ ಹೆಂಗಸರು ತಲೆಯ ಮೇಲೆ ಮರದ ಹರಿವಾಣ ಹೊತ್ತು ಈ ಏರು ಹತ್ತುತ್ತಿದ್ದರು. ಒಡೆಯರು ಈ ಕರಿಯ ಗುಲಾಮ ಹೆಂಗಸರನ್ನು ಬೀದಿ ವ್ಯಾಪಾರಕ್ಕೆ ಬಿಡುತ್ತಿದ್ದರು. ಗೊತ್ತುಮಾಡಿದ ಹಣ ಒಡೆಯರಿಗೆ ಸಲ್ಲಲೇಬೇಕು, ಮಿಕ್ಕಿದ್ದು ಮಾರಿದವಳಿಗೆ. ಆ ಮಿಕ್ಕಿದ ಕಾಸನ್ನು ವರ್ಷಗಟ್ಟಲೆ ಕೂಡಿಸಿ, ತಮ್ಮ ಬಿಡುಗಡೆಯ ಬೆಲೆಯನ್ನು ತಾವೇ ತೆತ್ತವರು ಅನೇಕರು. ಬಿಡುಗಡೆಯಾದ ಮೇಲೂ ಹರಿವಾಣ ಇಳಿಸಲಿಲ್ಲ. 1888ರ ಮೇ 13ರಂದು ಗುಲಾಮಗಿರಿ ರದ್ದಾದಾಗ ಯಾರಿಗೂ ತುಂಡು ಭೂಮಿ ಸಿಗಲಿಲ್ಲ, ಪರಿಹಾರವೂ ಇಲ್ಲ. ಎಷ್ಟೋ ಮನೆಗಳ ಒಲೆ ಉರಿದದ್ದು ಈ ಹರಿವಾಣದಿಂದ. ಮೇಲುಪೇಟೆಯ ಪೆಲೊರಿನ್ಯೊದ ಬಣ್ಣದ ಮನೆಗಳ ಮುಂದೆ ಫೋಟೊ ತೆಗೆಸಿಕೊಳ್ಳುವವರು ಆ ಹೆಸರಿನ ಅರ್ಥ ತಿಳಿದಿರಬೇಕು: ಗುಲಾಮರನ್ನು ಕಟ್ಟಿ ಹೊಡೆಯುತ್ತಿದ್ದ ಕಂಬ.

ಹತ್ತಿರದ ಸೆ ಚೌಕದಲ್ಲಿ ಅಕರಜೆ ಮಾರುವ ಬಯಾನಾಗಳ ಸ್ಮಾರಕವಿದೆ. ಬಿಳಿ ಲಂಗ, ತಲೆವಸ್ತ್ರ, ಮಣಿಸರದ ಈ ಹೆಂಗಸರ ಕಸುಬನ್ನು 2005ರಲ್ಲಿ ಬ್ರೆಜಿಲ್ ರಾಷ್ಟ್ರೀಯ ಪರಂಪರೆಯೆಂದು ದಾಖಲಿಸಿತು. ಪಶ್ಚಿಮ ಆಫ್ರಿಕದ ಯೊರುಬಾ ನುಡಿಯಲ್ಲಿ ಅಕರಾ ಎಂದರೆ ಅಲಸಂದೆಯ ಕರಿದ ಉಂಡೆ, ಜೆ ಎಂದರೆ ತಿನ್ನು. ಆಫ್ರಿಕ ಮೂಲದ ಕಾಂದೊಂಬ್ಲೆ ಪಂಥದಲ್ಲಿ ಅಕರಜೆ ಗಾಳಿ-ಮಳೆಯ ದೇವತೆ ಯಾನ್ಸಾಳ ನೈವೇದ್ಯ.

ಇಳಿಹೊತ್ತಿಗೆ ರಿಯೊ ವೆರ್ಮೆಲ್ಯೊ ಬಡಾವಣೆ ಸೇರಿದರೆ ಕರಿಯುವುದನ್ನು ಎದುರಿಗೇ ನೋಡಬಹುದು. ಆದರೆ ಬಾಣಲೆ ಕೊನೆಯ ಹಂತ. ಅರ್ಧ ಕಿಲೋ ಅಲಸಂದೆಯನ್ನು ಮೊದಲು ಒಡೆಸಿ, ಮೂರು ನಾಲ್ಕು ಗಂಟೆ ನೆನೆಸಿ, ಅಂಗೈಯಲ್ಲಿ ಉಜ್ಜಿ, ನೀರು ಬದಲಿಸುತ್ತ ಸಿಪ್ಪೆ ತೇಲಿಸಿ ಚೆಲ್ಲುತ್ತಾರೆ. ಕಾಳಿನ ಕಪ್ಪು ಕಣ್ಣೂ ಹೋಗಬೇಕು. ಉಳಿದರೆ ಹಿಟ್ಟಿಗೆ ಕಪ್ಪು ಚುಕ್ಕೆ. ಇಡೀ ಕಸುಬಿನ ಕೈನೋವೆಲ್ಲ ಇಲ್ಲೇ ಇದೆ. ರುಬ್ಬುವಾಗ ನೀರು ಆದಷ್ಟು ಕಡಿಮೆ. ಸೋಡಾ ಇಲ್ಲ, ಅಕ್ಕಿಹಿಟ್ಟಿಲ್ಲ. ಮರದ ಸೌಟಿನಿಂದ ಬಡಿದು ಬಡಿದು ಗಾಳಿ ತುಂಬಿದರೇ ಒಳಗು ಹಗುರ. ನಮ್ಮ ಉದ್ದಿನ ವಡೆ ಹಿಟ್ಟಿನ ಪರೀಕ್ಷೆಯೇ ಇದಕ್ಕೂ ಸಾಕು: ಚಿಟಿಕೆ ಹಿಟ್ಟು ನೀರಲ್ಲಿ ತೇಲಬೇಕು. ಎರಡು ಈರುಳ್ಳಿಯನ್ನು ತುರಿದು, ಉಪ್ಪಿನೊಂದಿಗೆ ಕರಿಯುವ ಮುಂಚೆಯಷ್ಟೇ ಸೇರಿಸಬೇಕು. ಮೊದಲೇ ಹಾಕಿದರೆ ಈರುಳ್ಳಿ ನೀರು ಬಿಟ್ಟು ಹಿಟ್ಟು ಸಡಿಲಾಗಿ, ಉಂಡೆ ಎಣ್ಣೆ ಕುಡಿಯುತ್ತದೆ.

ಎಣ್ಣೆ ಕಾಯುವಾಗ ಒಂದು ಇಡೀ ಈರುಳ್ಳಿಯನ್ನು ಅದರಲ್ಲಿ ಬಿಡುತ್ತಾರೆ, ದೆಂದೆ ಸೀಯದಿರಲೆಂದು. ದೆಂದೆ ಹೊಗೆಯಾಡಿದರೆ ಬಣ್ಣ ಹೋಗಿ ಕಹಿಯಾಗುತ್ತದೆ. ಸಾಕಷ್ಟು ಕಾಯದಿದ್ದರೆ ಉಂಡೆ ಜಿಡ್ಡಾಗುತ್ತದೆ.

ಕರಿದ ಮೇಲೆ ಸೀಳಿ ವತಪಾ ತುಂಬುತ್ತಾರೆ. ನೆನೆಸಿದ ಬ್ರೆಡ್ಡು, ತೆಂಗಿನಹಾಲು, ಶೇಂಗಾ, ಗೋಡಂಬಿ, ಶುಂಠಿ, ಒಣಸಿಗಡಿ, ದೆಂದೆ ಸೇರಿಸಿ ತಳ ಬಿಡುವವರೆಗೆ ಮಗುಚಿದ ಗಟ್ಟಿ ಗೊಜ್ಜು ಅದು. ಈ ಗೋಡಂಬಿ ಬ್ರೆಜಿಲ್‌ದೇ ಬೆಳೆ. ಪೋರ್ಚುಗೀಸರ ಹಡಗೇರಿ ನಮ್ಮ ಕರಾವಳಿಗೆ ಬಂದು ಗೇರು ಆಯಿತು. ಬೆಂಡೆಕಾಯಿಯ ಕರುರು, ಟೊಮೆಟೊ ಚೂರು, ಮೇಲೆ ಇಡೀ ಒಣಸಿಗಡಿಯೂ ಬರುತ್ತವೆ. ಕರುರು, ಮೆಣಸಿನ ಗೊಜ್ಜುಗಳಲ್ಲೂ ಸಾಮಾನ್ಯವಾಗಿ ಒಣಸಿಗಡಿ ಇರುತ್ತದೆ, ಹಾಗಾಗಿ ಸಸ್ಯಾಹಾರಿಗಳು ವತಪಾ ಜೊತೆಗೆ ಅವನ್ನೂ ಬಿಟ್ಟು ಟೊಮೆಟೊ ಮಾತ್ರ ಕೇಳಬೇಕು. “ಕೆಂಚಿ?” ಎಂದು ಕೇಳಿದರೆ ಬಿಸಿ ಬೇಕೇ ಎಂದಲ್ಲ, ಖಾರ ಹಾಕಲೇ ಎಂದು. ಬೇಡದಿದ್ದರೆ “ಫ್ರಿಯು” ಎನ್ನಿ. ಕೈಗೆ ಬಂದೊಡನೆ ತಿನ್ನಬೇಕು. ತಡಮಾಡಿದರೆ ಗರಿ ಮೆತ್ತಗಾಗುತ್ತದೆ.

ದಾರಿಗೆ ಕಟ್ಟಿಕೊಳ್ಳಲು ಅಬರಾ ವಾಸಿ. ಅದೇ ಅಲಸಂದೆ ಹಿಟ್ಟಿಗೆ ದೆಂದೆ, ಸಿಗಡಿ ಕಲಸಿ, ಬಾಳೆಲೆಯಲ್ಲಿ ಮಡಚಿ, ಹಬೆಯಲ್ಲಿ ಬೇಯಿಸಿದ್ದು. ಸುಮಾರು 110 ಕಿಲೋಮೀಟರ್ ದೂರದ ಕಶೊಯೇರಾ ಊರಿನ ಬಸ್ಸಿಗೆ ಅದು ಸಾಕು. ಆ ಊರಿನ ಬೊವಾ ಮೊರ್ಚಿ ಸಹೋದರಿಯರ ಸಂಘ ಕರಿಯ ಹೆಂಗಸರದೇ. ಹಿಂದೆ ಗುಲಾಮರ ಬಿಡುಗಡೆಗೆ ಹಣ ಕೂಡಿಸಿದವರೆಂದು ಹೆಸರಾದ ಈ ಸಂಘದ ಮೆರವಣಿಗೆ ನೋಡಬೇಕಿದ್ದರೆ ಆಗಸ್ಟ್ ನಡುವಿಗೆ ಪ್ರಯಾಣ ಇಟ್ಟುಕೊಳ್ಳಿ.