ವಿಯೆನ್ನಾದಾಗ ಎಷ್ಟ ದಿನಕ್ಕೊಮ್ಮೆ ನೀರು ಬಿಡ್ತಾರ?

ಲಂಡನ್ ಪ್ಯಾರಿಸ್ ಬಿಟ್ಟು ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್ ಅಂತ ಯಾಕ ಹೋದ್ರಿ ಅಂತ ಹುಬ್ಬಳ್ಳಿಗೆ ಬಂದಮ್ಯಾಲೆ ಸಿಕ್ಕಸಿಕ್ಕೋರೆಲ್ಲ ಕೇಳಾಕತ್ತಾರ. ರೊಕ್ಕದ ಸಲುವಾಗಿ ರೀ, ಮತ್ತೇನಿಲ್ಲ. ಲಂಡನ್‌ಗೆ ಬ್ಯಾರೆ ವೀಸಾ, ಬ್ಯಾರೆ ಫೀಸು. ಪ್ಯಾರಿಸ್‌ನ್ಯಾಗ ರೂಮಿನ ರೇಟ್ ನೋಡಿ ನಾನು ಆ ಟ್ಯಾಬ್‌ನ ಕ್ಲೋಸ್ ಮಾಡಿಬಿಟ್ಟೆ. ಈ ಮೂರು ರಾಜಧಾನಿ ಹಂಗಲ್ಲ, ಒಂದ ರೈಲಿನ ದಾರ್‍ಯಾಗ ಸಾಲಾಗಿ ಬರ್ತಾವ, ಪ್ರಾಗ್‌ನಿಂದ ವಿಯೆನ್ನಾ ನಾಕ್ ತಾಸು, ವಿಯೆನ್ನಾದಿಂದ ಬುಡಾಪೆಸ್ಟ್ ಎರಡೂವರಿ-ಮೂರು ತಾಸು, ಟಿಕೆಟ್ ಮೊದಲ ತಗದ್ರ ಭಾಳ ಅಗ್ಗ. ನಡಕ ಬ್ರಾಟಿಸ್ಲಾವಾ ಅಂತ ಇನ್ನೊಂದು ರಾಜಧಾನಿ ಐತಿ, ಸ್ಲೊವಾಕಿಯಾದ್ದು, ವಿಯೆನ್ನಾದಿಂದ ರೈಲಿನ್ಯಾಗ ಒಂದ ತಾಸು. ನಮಗ ಹುಬ್ಬಳ್ಳಿಯಿಂದ ಗದಗ ಎಷ್ಟ ದೂರೋ ಅಷ್ಟ ದೂರದಾಗ ದೇಶಾನ ಬದಲಾಗ್ತೈತಿ. ಮುಂಜಾನೆ ಹೋಗಿ ಸಂಜೀಕ ವಾಪಸ್ ಬಂದ್ವಿ, ಕೋಟೆ ಚಲೋ ಐತಿ, ಅದಕ್ಕಿಂತ ಜಾಸ್ತಿ ಹೇಳೂದೇನಿಲ್ಲ.

ಜೋಡಿಗೆ ಇದ್ದಾಂವ ನಮ್ಮ ಕಾಕಾ. ನಾನು ಅವನ್ನ ಕರ್ಕೊಂಡು ಹೋದೆ ಅಂತ ಮನ್ಯಾಗ ಹೇಳ್ತಾರ, ಖರೇ ಅಂದ್ರ ಅವನ ನನ್ನ ಕರ್ಕೊಂಡು ಹೋಗ್ಯಾನ, ಅರ್ಧಕ್ಕಿಂತ ಜಾಸ್ತಿ ರೊಕ್ಕ ಅವಂದು. ಹುಬ್ಬಳ್ಳ್ಯಾಗ ವಾಲ್ವ್‌ಮನ್ ಆಗಿ ಕೆಲಸಕ್ಕ ಸೇರಿ ಅದ ಕೆಲಸದಾಗ ರಿಟೈರ್ ಆದಾಂವ. ಓಣಿ ಓಣಿಗೆ ಹೋಗಿ ಉದ್ದನ್ನ ಕಬ್ಬಿಣದ ಚಾವಿ ಹಾಕಿ ನೀರು ಬಿಡೂದು, ಬಂದ್ ಮಾಡೂದು. ಆಯುಷ್ಯಾನ ಅದರಾಗ ಹೋಗೇತಿ. ನಾನು ಸಾಲಿ ಮಾಸ್ತರ, ದಸರಾ ಸೂಟಿ ಬಿಟ್ರ ಟೈಮ್ ಸಿಗೂದಿಲ್ಲ, ಹಂಗಾಗಿ ಆವಾಗ ಹೊಂಟ್ವಿ.

ವೀಸಾದ ಬಗ್ಗೆ ಒಂದಿಷ್ಟು ಹೇಳಿಬಿಡ್ತೇನಿ, ಯಾಕಂದ್ರ ಮೆಸೇಜ್ ಮಾಡೋರೆಲ್ಲ ಅದನ್ನ ಕೇಳ್ತಾರ. ಚೆಕ್, ಆಸ್ಟ್ರಿಯಾ, ಸ್ಲೊವಾಕಿಯಾ, ಹಂಗೇರಿ, ಈ ನಾಕೂ ದೇಶಕ್ಕ ಒಂದ ಷೆಂಗೆನ್ ವೀಸಾ (ಯೂರೋಪಿನ ಭಾಳ ದೇಶಕ್ಕ ನಡಿಯೋ ಒಂದ ವೀಸಾ) ಸಾಕು. ಅರ್ಜಿ ಯಾವ ದೇಶಕ್ಕ ಹಾಕಬೇಕಂದ್ರ ಎಲ್ಲಿ ಹೆಚ್ಚ ರಾತ್ರಿ ಇರ್ತೀರಿ ಆ ದೇಶಕ್ಕ, ರಾತ್ರಿ ಸರೀಸಮ ಆದ್ರ ಮೊದಲ ಎಲ್ಲಿ ಇಳೀತೀರಿ ಅದಕ್ಕ. ನಮಗ ವಿಯೆನ್ನಾದಾಗ ಜಾಸ್ತಿ ಇತ್ತು, ಹಂಗಾಗಿ ಆಸ್ಟ್ರಿಯಾ. ದೊಡ್ಡೋರಿಗೆ ಫೀಸು 90 ಯೂರೋ (2024ರ ಜೂನ್‌ದಾಗ 80 ಇದ್ದದ್ದನ್ನ ಏರ್ಸ್ಯಾರ), ಅದರ ಮ್ಯಾಲೆ ಅರ್ಜಿ ತಗೊಳ್ಳೋ ವೀಸಾ ಸೆಂಟರ್‌ನವರ ಚಾರ್ಜ್ ಬ್ಯಾರೆ. ಇನ್ಶೂರೆನ್ಸ್ ಕಡಿಮಿ ಅಂದ್ರೂ 30,000 ಯೂರೋ ಕವರ್ ಇರಬೇಕು. ಹೋಗೂದಕ್ಕ ಆರ್ ತಿಂಗಳ ಮೊದಲಿಂದ ಅರ್ಜಿ ಹಾಕಬಹುದು, ಬೆರಳಚ್ಚು ಕೊಡಾಕ ಬೆಂಗಳೂರಿಗೆ ಹೋಗಲೇಬೇಕು. ವೀಸಾ ಕೈಗೆ ಬರೋಮಟ ಕ್ಯಾನ್ಸಲ್ ಮಾಡಿದ್ರ ರೊಕ್ಕ ವಾಪಸ್ ಬರೋ ರೂಮನ್ನ ಬುಕ್ ಮಾಡ್ರಿ, ಹತ್ತ ಯೂರೋ ಉಳೀತೈತಿ ಅಂತ ಆಸೆ ಮಾಡಬ್ಯಾಡ್ರಿ. ವಿಮಾನದ್ದು ಪ್ರಾಗ್‌ಗೆ ಹೋಗೂದು, ಬುಡಾಪೆಸ್ಟ್‌ನಿಂದ ಬರೂದು ಹಿಂಗ ತಗೊಂಡ್ವಿ, ಹೋದ ದಾರ್‍ಯಾಗ ವಾಪಸ್ ಬರೋ ಖರ್ಚು ಉಳೀತು.

ಇನ್ನ ಬುತ್ತಿ. ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ, ಹಚ್ಚಿದ ಅವಲಕ್ಕಿ ಎಲ್ಲಾ ಕಟ್ಕೊಂಡಿದ್ವಿ. ಕಾಕೂ ಮ್ಯಾಲೆ ಎರಡ ಬಾಕ್ಸ್ ಪೇಡಾ ಇಟ್ಟಿದ್ಲು, ಅದನ್ನ ನಾನು ತಗಿಸಿದೆ. ಹಾಲಿಂದು, ಮಾಂಸದ್ದು ಯಾವುದನ್ನೂ ಹೊರಗಿನ ದೇಶದಿಂದ ಯೂರೋಪಿಯನ್ ಯೂನಿಯನ್ ಒಳಗ ಬ್ಯಾಗಿನ್ಯಾಗ ಒಯ್ಯಂಗಿಲ್ಲ, ಸಿಕ್ರ ಕಸ್ಕೋತಾರ. ಧಾರವಾಡ ಪೇಡಾ ಪ್ರಾಗ್ ಏರ್‌ಪೋರ್ಟಿನ ಕಸದ ಡಬ್ಬಿಗೆ ಹೋಗೂದು ನನ್ನ ಕೈಲೆ ನೋಡಾಕ ಆಗ್ತಿರ್ಲಿಲ್ಲ. ಕಾಕೂ ಇನ್ನೂ ಸಿಟ್ಟಿನ್ಯಾಗ ಅದಾಳ.

ಪ್ರಾಗ್ ಬಗ್ಗೆ ಎಲ್ರೂ ಹೊಗಳ್ತಾರಲ್ರಿ, ನನಗ ಅಷ್ಟ ಸೇರ್ಲಿಲ್ಲ. ಚಂದ ಐತಿ, ಇಲ್ಲ ಅನ್ನೂದಿಲ್ಲ, ಚಾರ್ಲ್ಸ್ ಸೇತುವೆ ಮ್ಯಾಲೆ ಮುಂಜಾನೆ ಹೊತ್ತ ಏರೂದರೊಳಗ ಹೋದ್ರ ಭಾಳ ಚಂದ, 1357ರಾಗ ಶುರು ಮಾಡಿದ್ದಂತ, ಆದ್ರ ಹತ್ತ ಗಂಟೆ ಆತಂದ್ರ ಕಾಲಿಡಾಕ ಜಾಗ ಇಲ್ಲ. 1410ರ ಗಡಿಯಾರದ ಮುಂದ ತಾಸಿಗೊಮ್ಮೆ ನೂರಾರು ಮಂದಿ ಮೊಬೈಲ್ ಎತ್ಕೊಂಡು ನಿಂತಿರ್ತಾರ, ಎರಡ ಕಿಡಕಿ ತಗದು ಗೊಂಬಿ ಹಿಂಗ್ ಹೋಗಿ ಹಂಗ್ ಬರ್ತಾವ, ಮುಗೀತು. ಕಾಕಾ "ಇಷ್ಟನಾ?" ಅಂದ. ಟ್ರಡೆಲ್ನಿಕ್ ಅಂತ ಸುರುಳಿ ಬ್ರೆಡ್ ಮ್ಯಾಲೆ ಸಕ್ಕರಿ ಉದುರಿಸಿ ಮೂಲ್ಯಾಗ ಮೂಲ್ಯಾಗ ಮಾರ್ತಾರ, ತಿಂದ್ರೂ ನಡೀತೈತಿ, ಬಿಟ್ರೂ ನಡೀತೈತಿ.

ಆದ್ರ ಪ್ರಾಗ್ ನೆನಪಾದ್ರ ನನಗ ಇವತ್ತಿಗೂ ಹೊಟ್ಟಿ ಉರೀತೈತಿ. ಅಲ್ಲಿ ಯೂರೋ ನಡಿಯೂದಿಲ್ಲ, ಕೊರೂನಾ ಅನ್ನೋ ಅಲ್ಲಿಯ ರೊಕ್ಕಾನ ಬೇಕು. ಹಳೇ ಪ್ಯಾಟ್ಯಾಗ ರೊಕ್ಕ ಬದಲಾಯಿಸೋ ಒಂದ ಕೌಂಟರ್, ಹೊರಗ ಇಷ್ಟ ದೊಡ್ಡ ಅಕ್ಷರದಾಗ ಕಮಿಷನ್ ಸೊನ್ನೆ ಅಂತ ಬೋರ್ಡ್. ಕಾಕಾ ಯೂರೋ ಕೊಟ್ಟ, ಒಳಗಿನ ಹುಡುಗ ನೋಟು ಎಣಿಸಿ ಕೊಟ್ಟ, ಹೊರಗ ಬಂದು ಲೆಕ್ಕ ಹಾಕಿದ್ರ ಹೆಚ್ಚೂಕಡಿಮಿ ಕಾಲು ಭಾಗ ಹೋಗೇತಿ! ಕಮಿಷನ್ ಇಲ್ಲ ಖರೇ, ರೇಟಿನ್ಯಾಗ ಕಡದಾರ. ವಾಪಸ್ ಕೊಡ್ರಿ ಅಂತ ಕೇಳಿದ್ರ ಆಗೂದಿಲ್ಲ ಅಂತ ತಲಿ ಅಲ್ಲಾಡಿಸಿದ. ಮಾರನೇ ದಿನ ಗೊತ್ತಾತು, ಆ ದೇಶದಾಗ 2019ರಿಂದ ಕಾಯ್ದೆ ಐತಂತ, 1000 ಯೂರೋಮಟ ಬದಲಾಯಿಸಿದ್ದನ್ನ ಮೂರು ತಾಸಿನೊಳಗ ರಸೀದಿ ತೋರಿಸಿದ್ರ ಅದ ಕೌಂಟರ್‌ನವರು ವಾಪಸ್ ಮಾಡಲೇಬೇಕು. ಆ ಹುಡುಗಗ ಇದು ಗೊತ್ತಿರ್ಲಿಲ್ಲ ಅಂತ ನಾ ನಂಬೂದಿಲ್ಲ. ಹೋಗೋರು ರಸೀದಿ ಇಸ್ಕೊಳ್ರಿ, ಕಾಯ್ದೆ ಹೇಳ್ರಿ. ಕಾರ್ಡ್ ಉಜ್ಜೂ ಮುಂದ ಮಷೀನ್ ರೂಪಾಯ್ದಾಗ ಕೊಡ್ತೀಯೇನಂತ ಕೇಳಿದ್ರ ಬ್ಯಾಡ ಅಂತ ಒತ್ರಿ, ಅಲ್ಲಿಯ ರೊಕ್ಕದಾಗನ ಕೊಡ್ರಿ, ಅದೂ ಇಂಥದ್ದ ಆಟ.

ವಿಯೆನ್ನಾದಾಗ ರೂಮು ಹಿಡದದ್ದು ಫಾವೊರಿಟೆನ್ ಅನ್ನೋ ಏರಿಯಾದಾಗ, ಊರಿನ ಹತ್ತನೇ ಜಿಲ್ಲೆ, ದೊಡ್ಡ ಸ್ಟೇಶನ್‌ಗೆ ಸನೇ, ಟೂರಿಸ್ಟ್‌ಗಳು ಅಷ್ಟಾಗಿ ಇಲ್ಲ ಹಂಗಾಗಿ ಅಗ್ಗ. ಒಬ್ಬ ಅಜ್ಜಿ ತಮ್ಮ ಮನ್ಯಾಗಿನ ಒಂದ ರೂಮು ಬಾಡಿಗಿ ಕೊಡ್ತಾರ, ಅಡಗಿಮನಿ ಅವರಿಗೂ ನಮಗೂ ಒಂದ. ಶನಿವಾರ ರಾತ್ರಿ ಹೋಗಿ ಮುಟ್ಟಿದ್ವಿ. ನಾನು ದಣದಿದ್ದೆ, ಮಲಗಿಬಿಟ್ಟೆ. ಮುಂಜಾನೆ ಎದ್ದು ಚಾ ಮಾಡೂಣಂತ ಹೋದ್ರ ಅಡಗಿಮನ್ಯಾಗ ಅಜ್ಜಿ ಕೈ ಕಟ್ಕೊಂಡು ನಿಂತಾರ. ಕಟ್ಟಿ ಮ್ಯಾಲೆ ಸಾಲಾಗಿ ಪಾತೇಲಿ, ಸೂಪಿನ ಭಾಂಡೆ, ಕೆಟಲ್, ಹೂವು ಇಡೋ ಎರಡು ಗಾಜಿನ ಹೂಜಿ, ಕೇಕ್ ಮಾಡೋ ತಗಡಿನ ಡಬ್ಬಿ, ಎಲ್ಲಾ ಬಾಯಿಮಟ ನೀರು! ಹೊಸಾ ಊರು, ನೀರು ಯಾವಾಗ ಹೋಗ್ತೈತೋ ಏನೋ ಅಂತ ರಾತ್ರಿ ಕಾಕಾ ಕೈಗೆ ಸಿಕ್ಕದ್ದನ್ನೆಲ್ಲಾ ತುಂಬಿಟ್ಟು ಮ್ಯಾಲೆ ತಾಟು ಮುಚ್ಚ್ಯಾನ.

"ಇವತ್ತು ನೀರು ಬಂದ್ ಮಾಡ್ತಾರಂತೇನು? ನನಗ ನೋಟೀಸ್ ಬಂದಿಲ್ಲಲ್ಲಾ" ಅಂತ ಅಜ್ಜಿ ನನ್ನ ಕೇಳಿದ್ರು. ಇಂಗ್ಲಿಷ್ ಚಲೋ ಬರ್ತಿತ್ತು ಅವರಿಗೆ.

ಅಷ್ಟೊತ್ತಿಗೆ ಕಾಕಾ ಟಾವೆಲ್ ಹೆಗಲಿಗೆ ಹಾಕ್ಕೊಂಡು ಬಂದ. "ಏ ತಮ್ಮಾ, ಕೇಳವ್ರನ, ಇಲ್ಲೆ ಎಷ್ಟ ದಿನಕ್ಕೊಮ್ಮೆ ನೀರು ಬಿಡ್ತಾರಂತ."

ಕೇಳಿದೆ. ಅಜ್ಜಿ ದಿನಾ ಬರ್ತೈತಿ ಅಂದ್ರು.

"ದಿನಾ ಸೈ, ಎಷ್ಟ ತಾಸು?"

ಅಜ್ಜಿ ನನ್ನ ಮಾರಿ ನೋಡಿದ್ರು, ನಾನು ತಪ್ಪ ಕೇಳಿನೇನೋ ಅನ್ನೂವಂಗ. ಮತ್ತೊಮ್ಮೆ ಕೇಳಿದೆ. "ಯಾವಾಗ್ಲೂ" ಅಂದ್ರು. ಕಾಕಾ ನಂಬ್ಲಿಲ್ಲ. ನಮ್ಮ ಓಣ್ಯಾಗ ವಾರಕ್ಕೊಮ್ಮೆ ಬಂದ್ರ ಪುಣ್ಯೇವು, ಅದೂ ಅಪರಾತ್ರಿ ಬಂದ್ರ ಮನಿಮಂದಿಯೆಲ್ಲಾ ಎದ್ದು ಪೈಪ್ ಹಿಡ್ಕೊಂಡು ಓಡಾಡ್ಬೇಕು. "ವಾಲ್ವ್ ಯಾರು ತಿರುವ್ತಾರ? ಪಂಪ್ ಹೌಸ್ ಎಲ್ಲೈತಿ?" ಅಂತ ಒಂದರ ಮ್ಯಾಲೊಂದು ಶುರು ಮಾಡಿದ. ಅಜ್ಜಿ ಕುರ್ಚಿ ಎಳಕೊಂಡು ಕುಂತ್ರು, ನಮ್ಮ ಬೆಲ್ವೆಡೇರ್ ಅರಮನಿ ಪ್ರೋಗ್ರಾಮ್ ಅಲ್ಲಿಗೆ ಮುಗೀತು.

ಅವರು ಹೇಳಿದ್ದು ಇಷ್ಟ. ಮೊದಲ ವಿಯೆನ್ನಾದಾಗೂ ಬಾವಿ ನೀರು, ಹೊಳಿ ನೀರು ಕುಡದು ಕಾಲರಾ, ಟೈಫಾಯ್ಡ್‌ಲೆ ಮಂದಿ ಸಾಯ್ತಿದ್ರು. ಎಡುವಾರ್ಡ್ ಸ್ಯೂಸ್ ಅಂತ ಒಬ್ಬ ಭೂವಿಜ್ಞಾನಿ, ನಗರಸಭಾದಾಗೂ ಇದ್ದಾಂವ, ಹತ್ತರದ ಹೊಳಿ ಬ್ಯಾಡ, ಆಲ್ಪ್ಸ್ ಗುಡ್ಡದ ಬುಗ್ಗಿ ನೀರನ್ನ ತರೂಣು ಅಂತ ಪಟ್ಟು ಹಿಡದ. 1873ರಾಗ ಮೊದಲನೇ ಲೈನ್ ಬಂತು. 1910ರಾಗ ಎರಡನೇದು, ಅದು 180 ಕಿಲೋಮೀಟರ್ ದೂರದಿಂದ, ಗುಡ್ಡದಾಗಿಂದ ಹೊಂಟ ನೀರು ಊರು ಮುಟ್ಟಾಕ ಒಂದೂವರಿ ದಿನ ತಗೋತೈತಂತ. ಪಂಪ್ ಇಲ್ಲ, ಇಳಕಲಿನ ಮ್ಯಾಲ ತಾನ ಬರ್ತೈತಿ. ಅಷ್ಟ ಅಲ್ಲ, ಇಳಿಯೋ ಜೋರಿಗೆ ದಾರ್‍ಯಾಗ ಟರ್ಬೈನ್ ತಿರುಗಿಸಿ ಕರೆಂಟ್ ಬ್ಯಾರೆ ತಗೀತಾರ. (ಈ ಸ್ಯೂಸ್‌ನ ಗೊಂಡ್ವಾನಾ ಅನ್ನೋ ಹಳೇ ಮಹಾಖಂಡಕ್ಕ ಹೆಸರಿಟ್ಟಾಂವ, ಸಾಲ್ಯಾಗ ವರ್ಷಾ ನಾನು ಆ ಪಾಠ ಮಾಡ್ತೇನಿ, ನೀರು ತಂದಾಂವಾನೂ ಅವನ ಅಂತ ಗೊತ್ತಾದದ್ದು ಇಲ್ಲೆ.)

ಕರೆಂಟಿನ ಮಾತು ಕೇಳಿ ಕಾಕಾ ಸುಮ್ಮನಾದ. ಸವದತ್ತಿ ಡ್ಯಾಮಿಂದ ನಮಗ ನೀರು ಬರಬೇಕಂದ್ರ ಎತ್ತಬೇಕು, ಎತ್ತಾಕ ಕರೆಂಟ್ ಬೇಕು, ಕರೆಂಟ್ ಹೋತಂದ್ರ ಪಾಳಿ ಮುಂದಕ್ಕ ಹೋತು, ಬೈಗಳಾ ತಿನ್ನೂದು ಯಾರು, ವಾಲ್ವ್‌ಮನ್. "ನಮ್ಮಲ್ಲೆ ನೀರಿಗೆ ಕರೆಂಟ್ ಕೊಡ್ತೇವಿ, ಇವ್ರಿಗೆ ನೀರ ಕರೆಂಟ್ ಕೊಡ್ತೈತಿ ನೋಡಲೇ" ಅಂದ.

ಅಜ್ಜಿ ಕೇಳಿದ್ರು, ನೀರು ಬರದಿದ್ದ ದಿನ ಜನ ಇವರ ಮ್ಯಾಲೆ ಸಿಟ್ಟಾಗ್ತಿದ್ರೇನು ಅಂತ. ಕಾಕಾಗ ಹುರುಪು ಬಂತು. ಖಾಲಿ ಕೊಡ ರಸ್ತಾಕ್ಕಿಟ್ಟು ಬಸ್ ನಿಲ್ಲಿಸಿದ್ದು, ಒಬ್ಬಾಕಿ ಅವನ ಸೈಕಲ್ಲಿನ ಗಾಳಿ ಬಿಟ್ಟದ್ದು, ಅದ ಹೆಣಮಗಳು ಮರುದಿನ ನೀರು ಬಂದಮ್ಯಾಲೆ ಕರದು ಚಾ ಕೊಟ್ಟದ್ದು, ಎಲ್ಲಾ ಹೇಳಿದ. ಯಾರ ಮನ್ಯಾಗ ಮದವಿ, ಯಾರ ಮನ್ಯಾಗ ಸಾವಾಗೇತಿ, ವಾಲ್ವ್‌ಮನ್‌ಗೆ ಮೊದಲ ಗೊತ್ತಾಗ್ತೈತಿ, ಬಂದು ಹೇಳ್ತಾರ, ಅರ್ಧಾ ತಾಸು ಜಾಸ್ತಿ ಬಿಡಬೇಕಲ್ಲಾ. "ಇಲ್ಲೆ ಮದವಿ ಇದ್ರ ನೀರಿಗೆ ಯಾರ್ನ ಕೇಳ್ತಾರಂತ ಕೇಳು."

ಕೇಳಿದೆ. "ಯಾರ್ನೂ ಕೇಳೂದಿಲ್ಲ" ಅಂದ್ರು ಅಜ್ಜಿ.

"ಹಂಗಾರ ನನಗಿಲ್ಲೆ ಕೆಲಸಿಲ್ಲ ಬಿಡು" ಅಂದ ಕಾಕಾ. ನಕ್ಕ, ಆದ್ರ ಆ ನಗಿ ನನಗ ಯಾಕೋ ಸರಿ ಅನಸಲಿಲ್ಲ. ಅಜ್ಜಿಗೂ ತಿಳೀತೇನೋ, ಎದ್ದು ಕಿಡಕಿ ತಗದು ದೂರದಾಗ ಬಣ್ಣ ಬಣ್ಣದ ಹಂಚಿನ ಒಂದ ಇಟ್ಟಂಗಿ ಗೋಪುರ ತೋರಿಸಿದ್ರು. ಫಾವೊರಿಟೆನ್ ಏರಿನ ಮ್ಯಾಲೈತಿ, ಇಲ್ಲಿಗೆ ಇಳಕಲಿನ ನೀರು ಏರ್ತಿರ್ಲಿಲ್ಲ, ಅದಕ್ಕ 1899ರ ಹೊತ್ತಿಗೆ ಈ ನೀರಿನ ಗೋಪುರ ಕಟ್ಟಿ ಪಂಪ್ ಮಾಡಿ ಏರಸ್ತಿದ್ರು, ಎರಡನೇ ಲೈನ್ ಬಂದಮ್ಯಾಲೆ ಬೇಕಾಗ್ಲಿಲ್ಲ. ಅಂದ್ರ ಇಲ್ಲೂ ಒಂದ ಕಾಲಕ್ಕ ನೀರಿಗೆ ಹೆಣಗಾಡೋರು ಇದ್ರು. ಕಾಕಾಗ ಇಡೀ ಟ್ರಿಪ್‌ನ್ಯಾಗ ಸೇರಿದ ಕಟ್ಟಡ ಅಂದ್ರ ಅದೊಂದ, ಸುತ್ತು ಹಾಕಿ ಹಾಕಿ ನೋಡಿದ, ಗ್ವಾಡಿ ಕೈಲೆ ತಟ್ಟಿ ನೋಡಿದ. ಸಂಜೀಕ ಶ್ವಾರ್ಜೆನ್‌ಬರ್ಗ್ ಚೌಕದಾಗಿನ ದೊಡ್ಡ ಕಾರಂಜಿಗೂ ಹೋದ್ವಿ, 1873ರಾಗ ಗುಡ್ಡದ ನೀರು ಊರಿಗೆ ಬಂತಂತ ಹಾರಿಸಿದ್ದು ಅದನ್ನ. ಶೋನ್‌ಬ್ರುನ್ ಅರಮನಿ ತ್ವಾಟ ಫುಕಟ್ಟ, ಅಲ್ಲೂ ಒಂದ ಮಧ್ಯಾಹ್ನ ಅಡ್ಡಾಡಿದ್ವಿ. ಒಳಗಿಂದಕ್ಕ ಟಿಕೆಟ್, ಹೋಗ್ಲಿಲ್ಲ.

ಬಜೆಟ್ ಟ್ರಿಪ್‌ಗೆ ಈ ನೀರಿನ ಕತಿ ಎದಕ್ಕಂದ್ರ, ಉಳಿತಾಯಾನೂ ಇದರಾಗ ಐತಿ. ಪ್ರಾಗ್‌ನ್ಯಾಗ ಬಾಟಲಿ ನೀರು ತಗೊಂಡ್ರ ರೊಕ್ಕಾನೂ ಹೋತು, ಗ್ಯಾಸ್ ಹಾಕಿದ ನೀರು ಅಂತ ಕಾಕಾ ಉಗುಳಿದ್ದೂ ಆತು. ವಿಯೆನ್ನಾದಾಗ ಓಣ್ಯಾಗ, ಪಾರ್ಕಿನ್ಯಾಗ ಕುಡಿಯೋ ನೀರಿನ ನಳ ಸಾವಿರಕ್ಕೂ ಮ್ಯಾಲೆ ಅದಾವ, ಖಾಲಿ ಬಾಟಲಿ ಒಯ್ದ್ರ ಸಾಕು. ಹೋಟೆಲಿನ್ಯಾಗ ಬರೇ ನೀರು ಅಂದ್ರ ಬಾಟಲಿ ತಂದು ಬಿಲ್ ಹಚ್ತಾರ, ನಳದ ನೀರು ಅಂತ ಬಿಡಿಸಿ ಹೇಳ್ರಿ. ಇನ್ನೊಂದು, ರವಿವಾರ ಅಂಗಡಿ ಬಂದ್, ಸೂಪರ್ ಮಾರ್ಕೆಟ್ಟೂ ಬಂದ್, ದೊಡ್ಡ ಸ್ಟೇಶನ್ನಿನ್ಯಾಗಿಂದ ಮಾತ್ರ ತಗದಿರ್ತೈತಿ. ನಾವು ಅವತ್ತು ರೊಟ್ಟಿ ಚಟ್ನಿ ಮ್ಯಾಲೆ ದಿನಾ ದಬ್ಬಿದ್ವಿ, ಅಜ್ಜಿಗೆ ಶೇಂಗಾ ಚಟ್ನಿ ಸೇರ್ತು, ಗುರೆಳ್ಳಿಂದು ಸೇರ್ಲಿಲ್ಲ.

ಬುಡಾಪೆಸ್ಟ್‌ನ್ಯಾಗ ಮತ್ತ 1873! ಡ್ಯಾನ್ಯೂಬ್ ಹೊಳಿ ಈ ಕಡೆ ಬುಡಾ, ಆ ಕಡೆ ಪೆಸ್ಟ್, ಮ್ಯಾಲೆ ಓಬುಡಾ ಅಂತ ಒಂದು, ಮೂರೂ ಸೇರಿ ಒಂದ ಊರಾದದ್ದು ಅದ ವರ್ಷ. ಬುಡಾ ಅಂದ್ರ ಗುಡ್ಡ, ಗಿಡ, ಸಪ್ಪಳಿಲ್ಲ. ಪೆಸ್ಟ್ ಬಟಾಬಯಲು, ಅಂಗಡಿ, ಗದ್ದಲ. 1849ರ ಚೈನ್ ಬ್ರಿಡ್ಜ್ ಮ್ಯಾಲೆ ನಿಂತು ಕಾಕಾ ಎರಡೂ ಕಡೆ ನೋಡಿ "ಅದು ಧಾರವಾಡ, ಇದು ಹುಬ್ಬಳ್ಳಿ" ಅಂತ ಡಿಸೈಡ್ ಮಾಡಿದ. ನಮ್ಮೆರಡು ಊರಿಗೆ 1962ರಾಗ ಒಂದ ಪಾಲಿಕೆ ಮಾಡಿದ್ರು, ಅವತ್ತಿಂದ ಯಾರಿಗೆ ಎಷ್ಟ ಅನುದಾನ ಅನ್ನೂದರ ಜಗಳ ಮುಗ್ದಿಲ್ಲ, ಬುಡಾದೋರಿಗೂ ಹಂಗ ಇರಬೇಕು ಅಂತ ಅವನ ವಾದ, ಕೇಳಾಕ ಅಲ್ಲೆ ಯಾರೂ ಅಜ್ಜಿ ಸಿಗಲಿಲ್ಲ. ಲಾಂಗೊಷ್ ಅಂತ ಎಣ್ಣ್ಯಾಗ ಕರದ ದೊಡ್ಡ ರೊಟ್ಟಿ, ಮ್ಯಾಲೆ ಹುಳಿ ಕೆನಿ ಚೀಸ್ ಹಾಕಿ ಕೊಡ್ತಾರ, ಯೂರೋಪಿನ್ಯಾಗ ನಾವು ತಿಂದದ್ದರಾಗ ಅದ ಬೆಸ್ಟು. 1896ರ ಮೆಟ್ರೋ ಲೈನ್ ಇನ್ನೂ ಓಡ್ತೈತಿ, ಸಣ್ಣ ಸಣ್ಣ ಹಳದಿ ಡಬ್ಬಿ, ಅದರಾಗ ಸುಮ್ಮನ ಈ ತುದಿಯಿಂದ ಆ ತುದಿಗೆ ಹೋಗಿ ಬಂದ್ವಿ. ಟಿಕೆಟ್ ತಗೊಂಡ್ರ ಆಗ್ಲಿಲ್ಲ, ಹತ್ತೂ ಮುಂದ ಮಷೀನ್‌ನ್ಯಾಗ ಠಪ್ಪ ಹೊಡಸಬೇಕು, ಇಲ್ಲಂದ್ರ ಟಿಕೆಟ್ ಕೈಯಾಗಿದ್ರೂ ದಂಡ.

ಹೋಗೋರು ಪ್ರಾಗ್‌ದಾಗ ಒಂದ ರಾತ್ರಿ ಕಡಿಮಿ ಮಾಡಿ ಬುಡಾಪೆಸ್ಟ್‌ಗೆ ಹಾಕ್ರಿ, ರೂಮೂ ಊಟಾನೂ ಅಲ್ಲೆ ಅಗ್ಗ. ಬ್ಯಾಸಿಗಿ ಸೂಟ್ಯಾಗ ಹೊಂಟಿದ್ರ ಬೆಂಗಳೂರಿನ ಅಪಾಯಿಂಟ್‌ಮೆಂಟ್ ಈಗ ನೋಡ್ರಿ, ಮಾರ್ಚ್ ಬರೂದ್ರೊಳಗ ಒಂದೂ ಉಳಿದಿರೂದಿಲ್ಲ.